ಗುಳೆ ಹೋಗುವ ಮಕ್ಕಳಿಗೆ ದೂರದಿಂದ ಪಾಠ: ನಿಮ್ಮ ಕಡೆ ಏನು ಮಾಡುತ್ತಿದ್ದೀರಿ?

ದೇವದುರ್ಗದ ಟೀಚರ್

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಈ ಭಾಗದವರಿಗೆ ಗೊತ್ತೇ ಇದೆ, ದೀಪಾವಳಿ ಆಗುತ್ತಿದ್ದಂತೆ ನಮ್ಮ ಕ್ಲಾಸು ಖಾಲಿಯಾಗಲು ಶುರುವಾಗುತ್ತದೆ. ಕಾಲುವೆ ನೀರು ಬಾರದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಕೂಲಿ ಸಿಗುವುದಿಲ್ಲ. ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಗಂಟುಮೂಟೆ ಕಟ್ಟುತ್ತಾರೆ. ಕೆಲವರು ಯುಗಾದಿಗೆ ವಾಪಸ್ ಬರುತ್ತಾರೆ, ಕೆಲವರು ಮುಂಗಾರು ಬಿತ್ತನೆಗೆ. ಅಲ್ಲಿಯವರೆಗೆ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿ, ಮಗು ಇನ್ನೆಲ್ಲೋ.

ಕೊರೊನಾ ಬಂದಾಗ ದೂರದಿಂದ ಪಾಠ ಮಾಡುವುದು ಇಡೀ ರಾಜ್ಯಕ್ಕೇ ಹೊಸದಾಯಿತು. 2020ರ ಜುಲೈಯಲ್ಲಿ ಚಂದನ ಟಿವಿಯಲ್ಲಿ ಸಂವೇದ ಅನ್ನುವ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ನಾವೇ ಓಣಿಗಳಿಗೆ ಹೋಗಿ, ಗುಡಿ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದೆವು. ಸೋಂಕಿನ ಸುದ್ದಿ ಜಾಸ್ತಿಯಾಗಿ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಒಂದರಿಂದ ಐದನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಲ್ಲಿಗೆ ಉಳಿದ ಮಕ್ಕಳ ಕಷ್ಟ ಒಂದು ಹಂತಕ್ಕೆ ಮುಗಿಯಿತು. ಗುಳೆ ಹೋಗುವ ಮಕ್ಕಳಿಗೆ ಮಾತ್ರ ಪ್ರತಿ ವರ್ಷ ಐದಾರು ತಿಂಗಳು ಶಾಲೆ ಮುಚ್ಚಿದ ಹಾಗೆಯೇ. ಆದರೆ ಆಗ ಎಲ್ಲರಿಗೂ ಅಂತ ಮಾಡಿದ ಏರ್ಪಾಡು ಇವರಿಗಾಗಿ ಮುಂದುವರಿಯಲಿಲ್ಲ. ಇದು ನನಗೆ ತುಂಬಾ ಸಂಕಟದ ವಿಷಯ.

ಈಗ ಹೊರಗಿನವರು ಬಂದು "ಆನ್‌ಲೈನ್ ಕ್ಲಾಸ್ ಮಾಡಿ ಮೇಡಂ" ಅನ್ನುತ್ತಾರೆ. ನಾನು ಕಂಡದ್ದು ಹೇಳುತ್ತೇನೆ. ಫೋನ್ ಇರುವುದು ಅಪ್ಪನ ಹತ್ತಿರ. ಅಪ್ಪ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಶೆಡ್ಡಿನ ಸಾಲಿಗೆಲ್ಲ ಒಂದೋ ಎರಡೋ ಪ್ಲಗ್ ಪಾಯಿಂಟು. ರೀಚಾರ್ಜ್ ಮುಗಿದರೆ ಮುಂದಿನ ಪಗಾರದವರೆಗೆ ಇಲ್ಲ. ಹತ್ತು ವರ್ಷದ ಹುಡುಗಿ ಹಗಲೆಲ್ಲ ತಮ್ಮನನ್ನು ಎತ್ತಿಕೊಂಡಿರುತ್ತಾಳೆ. ಬೆಳಗ್ಗೆ ಹತ್ತೂವರೆಗೆ ಲೈವ್ ಕ್ಲಾಸ್ ಇಟ್ಟರೆ ಅದು ಯಾರಿಗೆ?

ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆ ಮಾಡುವ ಅಸರ್ ವರದಿಯ ಲೆಕ್ಕ ನೋಡಿ. ಗ್ರಾಮೀಣ ಭಾರತದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳ ಪೈಕಿ ಸ್ಮಾರ್ಟ್‌ಫೋನ್ ಇದ್ದದ್ದು 2018ರಲ್ಲಿ ಶೇ 36.5. 2021ಕ್ಕೆ ಅದು ಶೇ 67.6 ಆಯಿತು. ಆದರೆ ಫೋನ್ ಇದ್ದ ಮನೆಗಳಲ್ಲೂ ಕಾಲುಭಾಗದಷ್ಟು ಮಕ್ಕಳ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ಅದೂ ಊರಲ್ಲಿ ನೆಲೆ ನಿಂತ ಮನೆಗಳ ಲೆಕ್ಕ. ತಗಡಿನ ಶೆಡ್ಡಿನಲ್ಲಿ ಇರುವವರ ಪಾಡು ನೀವೇ ಊಹಿಸಿ.

ನಮ್ಮಲ್ಲಿ ಸ್ವಲ್ಪ ನಡೆದದ್ದು ಇದು. ಸಂಜೆ ಏಳೂವರೆ, ಎಂಟರ ಹೊತ್ತಿಗೆ ಮಾಮೂಲಿ ಕಾಲ್ ಮಾಡುತ್ತೇನೆ. ವಿಡಿಯೋ ಅಲ್ಲ. ಹತ್ತು ನಿಮಿಷ ಮಾತಾಡುತ್ತೇವೆ. ಹೊರಡುವಾಗ ಕೈಗೆ ಕೊಟ್ಟ ಹಾಳೆಗಳಲ್ಲಿ ಯಾವುದನ್ನು ಮಾಡಿದೆ, ಎಲ್ಲಿ ತೊಡಕಾಯಿತು ಅಂತ ಕೇಳುತ್ತೇನೆ. ಹೋದ ಸಲ ಐದನೇ ತರಗತಿಯ ಹುಡುಗಿಯೊಬ್ಬಳು ಬೆಂಗಳೂರಿನ ಕಟ್ಟಡದ ಕೆಲಸದ ಜಾಗದಿಂದ ಮಾತಾಡುತ್ತಿದ್ದಳು. "ನಿನ್ನ ಸುತ್ತ ಏನೇನು ಬರೆದಿದ್ದು ಕಾಣುತ್ತೆ, ಓದು" ಅಂದೆ. ಸಿಮೆಂಟ್ ಚೀಲ ಓದಿದಳು. 53 ಗ್ರೇಡ್, 50 ಕೆಜಿ. ಹಾಗಾದರೆ ಎಷ್ಟು ಚೀಲಕ್ಕೆ ಒಂದು ಟನ್ ಅಂದೆ. ಅಪ್ಪನನ್ನು ಕೇಳದೆ ತಾನೇ ಲೆಕ್ಕ ಹಾಕಿ ಇಪ್ಪತ್ತು ಅಂದಳು. ಮರುದಿನ ಅವರಪ್ಪನೇ ಪ್ಲಾಸ್ಟರಿಂಗ್ ಮಾಲು ಕಲಸುವುದನ್ನು ತೋರಿಸಿದ್ದಾರೆ, ಸಿಮೆಂಟ್ ಒಂದು ಪಾಲು, ಮರಳು ನಾಲ್ಕು ಪಾಲು. ಐದರಲ್ಲಿ ಒಂದು ಅನ್ನುವ ಭಿನ್ನರಾಶಿ ಅವಳಿಗೆ ಅಲ್ಲೇ ಹತ್ತಿತು.

ನನ್ನ ಪ್ರಶ್ನೆ ಇಷ್ಟು. ಒಬ್ಬ ಟೀಚರ್ ಸ್ವಂತ ಆಸಕ್ತಿಯಿಂದ ಮಾಡಿದರೆ ಇದು ನಾಲ್ಕಾರು ಮಕ್ಕಳಿಗೆ ಆಗುತ್ತದೆ. ಎಲ್ಲ ಮಕ್ಕಳಿಗೂ ಆಗಬೇಕೆಂದರೆ ಏನು ಮಾಡಬೇಕು? ಮಗು ಹೋದ ಕಡೆಯ ಶಾಲೆಯವರನ್ನು ಜೊತೆಗೆ ಸೇರಿಸಿಕೊಳ್ಳುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಶೆಡ್ ಪಾಠ, ಬೆಂಗಳೂರು

ಮೇಡಂ, ನೀವು ಕಳಿಸುವ ಮಕ್ಕಳು ಬಂದಿಳಿಯುವ ಕಡೆ ನಾವಿದ್ದೇವೆ. ವೈಟ್‌ಫೀಲ್ಡ್ ಆಚೆ ಲೇಬರ್ ಶೆಡ್ಡುಗಳಲ್ಲಿ ಗೆಳೆಯರೆಲ್ಲ ಸೇರಿ ಸಂಜೆ ಪಾಠ ಮಾಡುತ್ತೇವೆ. ರಾಯಚೂರು, ಯಾದಗಿರಿ, ಕಲಬುರಗಿ ಮಕ್ಕಳೇ ಜಾಸ್ತಿ.

ನಮಗೆ ಇರುವ ದೊಡ್ಡ ತೊಂದರೆ ಹೇಳುತ್ತೇನೆ. ಮಗು ಬಂದಾಗ ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದು ಗೊತ್ತಾಗುವುದಿಲ್ಲ. "ಎಷ್ಟನೇ ಕ್ಲಾಸು?" ಅಂದರೆ "ನಾಲ್ಕನೇದ್ರಿ" ಅನ್ನುತ್ತದೆ. ಪುಸ್ತಕ ಕೊಟ್ಟರೆ ಒತ್ತಕ್ಷರ ಬಂದ ಕಡೆ ನಿಲ್ಲುತ್ತದೆ. ಇನ್ನೊಂದು ಮಗು ಸರಾಗವಾಗಿ ಓದುತ್ತದೆ, ಆದರೆ ಹೊಸಬರ ಮುಂದೆ ಬಾಯಿ ಬಿಡುವುದಕ್ಕೇ ತಿಂಗಳು ಬೇಕು. ಅದು ಗೊತ್ತಾಗುವ ಹೊತ್ತಿಗೆ ಆ ಕಟ್ಟಡದ ಕೆಲಸ ಮುಗಿದು ಅವರು ಬೇರೆ ಕಡೆ ಹೋಗಿರುತ್ತಾರೆ.

ನೀವು ಒಂದೇ ಒಂದು ಹಾಳೆ ಬರೆದು ಕೊಟ್ಟು ಕಳಿಸಿದ್ದರೆ ಸಾಕಿತ್ತು ಅಂತ ಎಷ್ಟು ಸಲ ಅನಿಸಿದೆಯೋ. ಮಗುವಿನ ಹೆಸರು, ಟೀಚರ್ ನಂಬರು, ಕನ್ನಡದಲ್ಲಿ ಎಲ್ಲಿಯವರೆಗೆ ಬಂದಿದೆ, ಲೆಕ್ಕದಲ್ಲಿ ಎಲ್ಲಿಯವರೆಗೆ. ಅಷ್ಟೇ. ಅಂಕ, ಶ್ರೇಣಿ ಬೇಡ. "ಎರಡಂಕಿ ಕೂಡಿಸುವ ಲೆಕ್ಕ ಬರುತ್ತದೆ, ದಶಕ ಕೈಗೆ ಬರುವ ಕಡೆ ತಪ್ಪುತ್ತಾನೆ" ಅಂತ ಒಂದು ಸಾಲು ಬರೆದರೆ ನಾವು ಮರುದಿನವೇ ಅಲ್ಲಿಂದ ಶುರು ಮಾಡಬಹುದು.

ಇನ್ನೊಂದು. ಅಪ್ಪನ ನಂಬರ್ ಜೊತೆಗೆ ಮೇಸ್ತ್ರಿ ನಂಬರನ್ನೂ ತೆಗೆದುಕೊಂಡಿರಿ. ಅಪ್ಪಂದಿರ ಸಿಮ್ ಬದಲಾಗುತ್ತಲೇ ಇರುತ್ತದೆ. ಮೇಸ್ತ್ರಿ ನಂಬರ್ ಬದಲಾಗುವುದಿಲ್ಲ, ಅವರ ವ್ಯವಹಾರವೆಲ್ಲ ಅದರ ಮೇಲೇ ನಡೆಯುವುದು.

ಓಪನ್‌ಸೋರ್ಸ್ ಹುಡುಗ

ಒಳ್ಳೆಯ ಚರ್ಚೆ. ನಾನು ಸಾಫ್ಟ್‌ವೇರ್ ಕೆಲಸದವನು. ಇಂಟರ್‌ನೆಟ್ ಇಲ್ಲದೆ ನಡೆಯುವ ಪಾಠದ ಸರ್ವರ್ ಮಾಡಬಹುದು. ಸಣ್ಣ ಪೆಟ್ಟಿಗೆ, ಸೋಲಾರ್ ಪ್ಯಾನೆಲ್, ನಾಲ್ಕೈದು ಟ್ಯಾಬ್. ಶೆಡ್ಡಿನ ಹತ್ತಿರ ಇಟ್ಟರೆ ವೈಫೈನಲ್ಲಿ ಪಾಠ ಬರುತ್ತದೆ, ಡೇಟಾ ಬೇಡ. ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪ್‌ನಲ್ಲೂ ಪಾಠಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದೇ ಇದೆ. ಖರ್ಚು ಎತ್ತಲು ನಮ್ಮ ಆಫೀಸಿನ ಗೆಳೆಯರು ತಯಾರಿದ್ದಾರೆ. ಇದು ಆಗುವ ಮಾತಾ?

ದೇವದುರ್ಗದ ಟೀಚರ್

@ಶೆಡ್ ಪಾಠ, ಆ ಹಾಳೆ ಈ ವರ್ಷ ಖಂಡಿತ ಕೊಡುತ್ತೇನೆ. ಮೇಸ್ತ್ರಿ ನಂಬರ್ ವಿಷಯ ನನಗೆ ಹೊಳೆದಿರಲಿಲ್ಲ, ತುಂಬಾ ಉಪಯೋಗ ಆಯಿತು.

@ಓಪನ್‌ಸೋರ್ಸ್ ಹುಡುಗ, ನಿಮ್ಮ ಕಾಳಜಿ ದೊಡ್ಡದು. ಒಂದೇ ಕಡೆ ವರ್ಷಗಟ್ಟಲೆ ಇರುವ ದೊಡ್ಡ ಕಾಲೊನಿಗೆ ಪೆಟ್ಟಿಗೆ ಸರಿಹೋಗಬಹುದು. ಆದರೆ ಅದು ಇರುವ ಕಡೆಯೇ ಇರುತ್ತದೆ, ಮಗು ಹೋಗುತ್ತದೆ. ಟ್ಯಾಬ್ ಕೊಟ್ಟರೆ ಶೆಡ್ಡಿನಲ್ಲಿ ಅದನ್ನು ಎಲ್ಲಿ ಇಡುತ್ತಾರೆ? ಬಾಗಿಲಿಗೆ ಚಿಲಕವೇ ಇರುವುದಿಲ್ಲ. ಕಳುವಾದರೆ ಮಗುವಿಗೇ ಬೈಗುಳ.

ಅದರ ಬದಲು ಇದನ್ನು ಯೋಚಿಸಿ. ಗುಳೆ ಹೊರಡುವ ಮುಂಚೆ ಅಪ್ಪಂದಿರು ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಳ್ಳುತ್ತಾರೆ. ನಮ್ಮ ಕಡೆ ಇದು ಮಾಮೂಲು. ಅದೇ ಕಾರ್ಡಿನಲ್ಲಿ ಒಂದು ಫೋಲ್ಡರ್ ನಮ್ಮದಿರಲಿ. ಕಥೆ, ಪದ್ಯ, ಬಾಯಿಲೆಕ್ಕ, ಎಲ್ಲ ಆಡಿಯೋ. ಕೀಪ್ಯಾಡ್ ಫೋನಿನಲ್ಲೂ ಕೇಳುತ್ತದೆ. ಒಂದೊಂದು ಐದು ನಿಮಿಷ ಇದ್ದರೆ ಸಾಕು. ಕೊನೆಗೆ "ಈಗ ಏಳನೇ ಹಾಳೆ ತೆಗೆ" ಅಂತ ನನ್ನ ದನಿಯಲ್ಲೇ ಹೇಳಿರಬೇಕು. ಆಕಾಶವಾಣಿಯ ಚುಕ್ಕಿ ಚಿನ್ನ, ಕೇಳಿ ಕಲಿ ಪಾಠಗಳನ್ನು ಮಕ್ಕಳಿಗೆ ಕೇಳಿಸಿದವರಿಗೆ ಗೊತ್ತು, ಚೆನ್ನಾಗಿ ಮಾಡಿದರೆ ಮಕ್ಕಳು ಬರೀ ದನಿಗೆ ಎಷ್ಟು ಕಿವಿಗೊಡುತ್ತಾರೆ ಅಂತ. ಆ ಆಡಿಯೋಗಳನ್ನು ಜೋಡಿಸಿ, ಗಲಾಟೆ ಸದ್ದು ತೆಗೆದು, ಸಣ್ಣ ಫೈಲ್ ಮಾಡಿಕೊಡುವ ಕೆಲಸ ನಿಮ್ಮಂಥವರು ಮಾಡಿದರೆ ನಮಗೆ ದೊಡ್ಡ ಉಪಕಾರ.

ಓಪನ್‌ಸೋರ್ಸ್ ಹುಡುಗ

ಖಂಡಿತ ಮಾಡುತ್ತೇನೆ. ನೀವು ಫೋನಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಉಳಿದದ್ದು ನಮಗೆ ಬಿಡಿ. ಹಳೆಯ ಕೀಪ್ಯಾಡ್ ಫೋನ್ ಎರಡು ತರಿಸಿಕೊಂಡು ಅದರಲ್ಲೂ ಹಾಕಿ ನೋಡುತ್ತೇವೆ.

ತಾಂಡಾದಿಂದ

ನಾನು ಕಲಬುರಗಿ ಜಿಲ್ಲೆಯ ಒಂದು ತಾಂಡಾದವನು. ಈಗ ಬಿ.ಎಡ್ ಮಾಡುತ್ತಿದ್ದೇನೆ. ಚಿಕ್ಕವನಿದ್ದಾಗ ಅಪ್ಪ ಅವ್ವನ ಜೊತೆ ಪುಣೆ, ಮುಂಬೈ ಕಡೆ ಹೋಗುತ್ತಿದ್ದೆ. ಟೀಚರ್ ಬರೆದದ್ದು ಓದಿ ಸುಮ್ಮನೆ ಇರಲು ಆಗಲಿಲ್ಲ.

ಮನೆಯಲ್ಲಿ ನಮ್ಮದು ಲಂಬಾಣಿ ಮಾತು. ಊರ ಶಾಲೆಯಲ್ಲಿ ಕನ್ನಡ. ಪುಣೆಯಲ್ಲಿ ಕೂರಿಸಿದ ಶಾಲೆಯಲ್ಲಿ ಮರಾಠಿ. ಅಲ್ಲಿ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಬೈಯಲಿಲ್ಲ, ಹೊಡೆಯಲಿಲ್ಲ, ಏನೂ ಕೇಳಲೂ ಇಲ್ಲ. ಊರಿಗೆ ಬಂದರೆ ಕ್ಲಾಸು ಮುಂದೆ ಹೋಗಿರುತ್ತಿತ್ತು. ಭಾಗಾಕಾರ ನಾನು ಇಲ್ಲದಾಗ ಮುಗಿದು ಹೋಯಿತು. ಮುಂದಿನ ವರ್ಷವೂ ಅದೇ ಹೊತ್ತಿಗೆ ನಾವು ಊರಲ್ಲಿ ಇರಲಿಲ್ಲ. ಪ್ರತಿ ವರ್ಷ ಒಂದೇ ತಿಂಗಳುಗಳಲ್ಲಿ ಗುಳೆ ಹೋಗುವುದರಿಂದ ಪ್ರತಿ ವರ್ಷ ಪುಸ್ತಕದ ಅದೇ ಭಾಗ ತಪ್ಪುತ್ತದೆ. ಇದನ್ನು ಶಿಕ್ಷಕರು ಗಮನಿಸಬೇಕು. ಹೈಸ್ಕೂಲಿಗೆ ಬರುವವರೆಗೆ ನನಗೆ ಭಾಗಾಕಾರ ಬರುತ್ತಿರಲಿಲ್ಲ. ನನಗೆ ಬುದ್ಧಿ ಕಡಿಮೆ ಅಂತಲೇ ಅಂದುಕೊಂಡಿದ್ದೆ.

ಹಾಗಾಗಿ ಹೊರಡುವ ಮುಂಚೆ ಕೊಡುವ ಹಾಳೆಗಳಲ್ಲಿ ಜನವರಿ, ಫೆಬ್ರುವರಿಯಲ್ಲಿ ಬರುವ ಪಾಠಗಳೇ ಇರಬೇಕು. ಬರೀ ಹಿಂದಿನದನ್ನು ತಿದ್ದಿಸುವ ಹಾಳೆ ಕೊಟ್ಟರೆ ಕಂದಕ ಹಾಗೇ ಉಳಿಯುತ್ತದೆ.

ಇನ್ನೊಂದು ಮಾತು. ನಮ್ಮ ಗುರುಗಳೊಬ್ಬರು ಕಾಂಟ್ರಾಕ್ಟರ್ ಫೋನಿಗೆ ಕಾಲ್ ಮಾಡಿ ನನ್ನನ್ನು ಕರೆಸಿ ಮಾತಾಡುತ್ತಿದ್ದರು. ಪಾಠ ಕಡಿಮೆ. "ಊಟ ಆಯ್ತಾ, ಅಲ್ಲಿ ಮಳೆ ಇದೆಯಾ, ಯಾವಾಗ ಬರ್ತೀಯಾ, ನಿನ್ನ ಜಾಗ ಹಾಗೇ ಇದೆ" ಅನ್ನುತ್ತಿದ್ದರು. ಆ ಫೋನಿನಿಂದಾಗಿಯೇ ನಾನು ವಾಪಸ್ ಶಾಲೆಗೆ ಬಂದೆ. ನನ್ನ ಜೊತೆಗಿದ್ದವರು ಬರಲಿಲ್ಲ. ಅವರು ಈಗಲೂ ಸೆಂಟ್ರಿಂಗ್ ಕೆಲಸದಲ್ಲೇ ಇದ್ದಾರೆ.

ಸಿಆರ್‌ಪಿ, ಯಾದಗಿರಿ ಕಡೆಯವರು

ಕಾನೂನಿನ ವಿಷಯ ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಇಲಾಖೆಯವನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಓದಿ. ಮಗು ಯಾವುದೇ ಕಾರಣಕ್ಕೆ ಬೇರೆ ಕಡೆ ಹೋದರೂ, ರಾಜ್ಯದ ಒಳಗಾಗಲಿ ಹೊರಗಾಗಲಿ, ಅಲ್ಲಿನ ಸರ್ಕಾರಿ ಶಾಲೆಗೆ ಸೇರುವ ಹಕ್ಕು ಅದಕ್ಕಿದೆ. ಕೇಳಿದ ತಕ್ಷಣ ಹೆಡ್‌ಮಾಸ್ಟರ್ ಟಿಸಿ ಕೊಡಬೇಕು. ಟಿಸಿ ಬರುವುದು ತಡವಾಯಿತು ಅಂತ ಅಲ್ಲಿಯ ಶಾಲೆ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. 9ನೇ ಸೆಕ್ಷನ್ನಿನಲ್ಲಿ ವಲಸೆ ಕುಟುಂಬದ ಮಕ್ಕಳ ದಾಖಲಾತಿ ನೋಡಿಕೊಳ್ಳುವುದು ಸ್ಥಳೀಯ ಆಡಳಿತದ ಹೊಣೆ ಅಂತ ಸ್ಪಷ್ಟವಾಗಿ ಇದೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ತಿರಸ್ಕರಿಸುವ ಹಾಗಿಲ್ಲ, ಅದು 14ನೇ ಸೆಕ್ಷನ್.

ಇಷ್ಟಿದ್ದರೂ ಯಾಕೆ ನಡೆಯುವುದಿಲ್ಲ? ಒಳಗಿನವನಾಗಿ ಹೇಳುತ್ತೇನೆ. ಟಿಸಿ ಕೊಟ್ಟರೆ, ಮಕ್ಕಳ ದಾಖಲಾತಿ ಲೆಕ್ಕ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಊರ ಶಾಲೆಯ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಶಿಕ್ಷಕರು ಹೆಚ್ಚುವರಿ ಅಂತ ಆಗಿ ಬೇರೆ ಕಡೆ ಹೋಗಬೇಕಾಗುತ್ತದೆ. ಮಗು ಜೂನ್‌ನಲ್ಲಿ ವಾಪಸ್ ಬಂದಾಗ ಕಲಿಸಲು ಟೀಚರೇ ಇರುವುದಿಲ್ಲ. ಆದ್ದರಿಂದ ಹೆಸರು ಉಳಿಸಿಕೊಳ್ಳುತ್ತಾರೆ. ಆ ಕಡೆ ಬೆಂಗಳೂರಿನ ಶಾಲೆಗೆ ಯೋಚನೆ ಬೇರೆ. ಮೂರು ತಿಂಗಳಿಗೆ ಬಂದು ಹೋಗುವ ಮಗುವನ್ನು ಸೇರಿಸಿಕೊಂಡರೆ ಆಮೇಲೆ ಗೈರುಹಾಜರಿ ಲೆಕ್ಕ ಅವರ ತಲೆಗೆ ಬರುತ್ತದೆ. ಇಬ್ಬರದೂ ಕೆಟ್ಟತನ ಅಲ್ಲ. ಮಗು ಒಂದೇ ಕಡೆ ಇರುತ್ತದೆ ಅಂತ ನಂಬಿ ಮಾಡಿದ ಲೆಕ್ಕದ ಪದ್ಧತಿ ಇದು.

ನನ್ನ ಅಭಿಪ್ರಾಯದಲ್ಲಿ ಮೊದಲು ಬದಲಾಗಬೇಕಾದದ್ದು ಇಲ್ಲಿ. ಹೆಸರು ಊರ ಶಾಲೆಯಲ್ಲೇ ಇರಲಿ. ಹೋದ ಕಡೆ ಸ್ಯಾಟ್ಸ್ ನಂಬರ್ ಹೇಳಿದರೆ ಅತಿಥಿ ಹಾಜರಿ ಹಾಕಲಿ. ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಅಲ್ಲೇ ಸಿಗಲಿ. ರೇಷನ್ ಕಾರ್ಡಿಗೆ ಇದನ್ನು ಮಾಡಿದ್ದೇವಲ್ಲ. ಒಂದು ದೇಶ ಒಂದು ಪಡಿತರ ಬಂದ ಮೇಲೆ ಯಾದಗಿರಿಯ ಕಾರ್ಡಿಗೆ ಪುಣೆಯಲ್ಲಿ ಅಕ್ಕಿ ಸಿಗುತ್ತದೆ. ಅಪ್ಪನ ಅಕ್ಕಿ ರಾಜ್ಯ ದಾಟುವಾಗ ಮಗನ ಹಾಜರಿ ಯಾಕೆ ದಾಟಬಾರದು?

ಮಹಾರಾಷ್ಟ್ರದಲ್ಲಿ ಗುಳೆ ಹೋಗುವ ಮಕ್ಕಳಿಗೆ ಶಿಕ್ಷಣ ಹಮಿ (ಖಾತರಿ) ಕಾರ್ಡ್ ಅಂತ ಕೊಡುತ್ತಾರೆ. ಅದನ್ನು ತೋರಿಸಿದರೆ ಹೋದೂರಿನ ಶಾಲೆ ಸೇರಿಸಿಕೊಳ್ಳಬೇಕು. ಶೆಡ್ ಪಾಠದವರು ಕೇಳಿದ ಹಾಳೆಯೂ ಇದೇ ತರಹದ್ದು. ಅದಕ್ಕೆ ಶಾಲೆಯ ಸೀಲು, ಹೆಡ್‌ಮಾಸ್ಟರ್ ಸಹಿ ಇರಲಿ. ಸೀಲು ಇದ್ದರೆ ಹೋದ ಕಡೆ ಮಾತಿಗೆ ತೂಕ ಬರುತ್ತದೆ.

ಊರಲ್ಲೇ ಓದಲಿ

ಎಲ್ಲರೂ ಮಕ್ಕಳು ಹೋದ ಮೇಲೆ ಏನು ಮಾಡಬೇಕು ಅಂತ ಮಾತಾಡುತ್ತಿದ್ದೀರಿ. ಹೋಗದ ಹಾಗೆ ಮಾಡಬಾರದಾ? ಋತುಮಾನದ ವಸತಿ ಶಾಲೆ ಇದೆಯಲ್ಲ. ಅಪ್ಪ ಅಮ್ಮ ಹೋಗಲಿ, ಮಗು ಊರಲ್ಲೇ ಊಟ ಪಾಠ ಮಾಡಿಕೊಂಡು ಇರಲಿ. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ ಅದನ್ನು ಶಿಕ್ಷಣ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಶಾಲೆಯ ಬದಲು ಫೋನು ಅಂತ ಆಗಿಬಿಟ್ಟರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ.

ತಾಂಡಾದಿಂದ

ನಿಮ್ಮ ಕೊನೆಯ ಮಾತು ಪೂರ್ತಿ ಒಪ್ಪುತ್ತೇನೆ. ಫೋನ್ ಪಾಠ ಶಾಲೆಯ ಬದಲಿ ಆಗಬಾರದು. ವಸತಿ ಶಾಲೆಯೂ ಬೇಕು, ದೊಡ್ಡ ಮಕ್ಕಳಿಗೆ ಅದೇ ಒಳ್ಳೆಯದು. ಆದರೆ ಆರೇಳು ವರ್ಷದ ಮಗು ಅವ್ವನನ್ನು ಬಿಟ್ಟು ಐದು ತಿಂಗಳು ಇರುತ್ತದಾ? ನಾನು ಇದ್ದು ನೋಡಿದ್ದೇನೆ. ರಾತ್ರಿ ಆದರೆ ಅಳು. ಇನ್ನು ಏಳನೇ ಕ್ಲಾಸಿನ ಹುಡುಗಿಯನ್ನು ಬಿಟ್ಟು ಹೋಗಲು ನಮ್ಮ ಜನಕ್ಕೆ ಧೈರ್ಯ ಸಾಲುವುದಿಲ್ಲ. ಬಿಟ್ಟು ಹೋಗು ಅಂತ ಒತ್ತಾಯ ಮಾಡಿದರೆ ಮದುವೆ ಮಾಡಿಬಿಡುತ್ತಾರೆ. ಅದನ್ನೂ ನೋಡಿದ್ದೇನೆ. ಯಾರು ಉಳಿಯುತ್ತಾರೋ ಅವರಿಗೆ ಹಾಸ್ಟೆಲ್, ಯಾರು ಹೋಗುತ್ತಾರೋ ಅವರ ಜೊತೆ ಪಾಠ ಹೋಗಲಿ. ಎರಡೂ ಇರಬೇಕು.

ಊರಲ್ಲೇ ಓದಲಿ

ಹೆಣ್ಣುಮಕ್ಕಳ ವಿಷಯ ನೀವು ಹೇಳಿದ್ದು ನಿಜ, ಒಪ್ಪಿದೆ. ಆದರೂ ನಮ್ಮ ಪಂಚಾಯಿತಿಯಲ್ಲಿ ವಸತಿ ಶಾಲೆ ಬೇಕು ಅಂತ ಕೇಳುವುದನ್ನು ನಾನು ಬಿಡುವುದಿಲ್ಲ.

ಮಂಡ್ಯದ ಮೇಷ್ಟ್ರು

ನಮ್ಮ ಕಡೆಯದು ಇನ್ನೊಂದು ತರಹ. ಕಬ್ಬು ಕಡಿಯಲು ಬಳ್ಳಾರಿ ಸೀಮೆಯಿಂದ ಜನ ಬರುತ್ತಾರೆ. ಗದ್ದೆ ಪಕ್ಕ ಗುಡಿಸಲು ಹಾಕಿಕೊಳ್ಳುತ್ತಾರೆ. ಕಾರ್ಖಾನೆಯವರು ಯಾವ ಊರಿಗೆ ಕಟಾವಿಗೆ ಒಪ್ಪಿಗೆ ಕೊಡುತ್ತಾರೋ ಆ ಊರಿಗೆ ಗುಡಿಸಲು ಹೋಗುತ್ತದೆ. ಹಾಗಾಗಿ ಒಂದೇ ಹಂಗಾಮಿನಲ್ಲಿ ಮಗು ನಾಲ್ಕೈದು ಊರು ಬದಲಿಸುತ್ತದೆ. ಟನ್ ಲೆಕ್ಕದ ಕೂಲಿ ಆದ್ದರಿಂದ ಬೆಳಕು ಹರಿಯುವ ಮುಂಚೆ ಗಂಡ ಹೆಂಡತಿ ಇಬ್ಬರೂ ಗದ್ದೆಯಲ್ಲಿ. ಮಕ್ಕಳು ಸೋಗೆ ಹೊರುತ್ತವೆ, ಇಲ್ಲ ಗುಡಿಸಲು ಕಾಯುತ್ತವೆ.

ನಾನು ಅವರನ್ನು ಶಾಲೆಗೆ ಕರೆತರುತ್ತೇನೆ. ದಾಖಲಾತಿ ಇಲ್ಲದಿದ್ದರೂ ಕೂರಿಸಿಕೊಳ್ಳುತ್ತೇನೆ, ಊಟ ಹಾಕಿಸುತ್ತೇನೆ. ಆದರೆ ಹದಿನೈದು ದಿನಕ್ಕೆ ಏನು ಕಲಿಸಬಹುದು ಹೇಳಿ. ಪಕ್ಕದ ಊರಿನ ಮೇಷ್ಟ್ರಿಗೆ ಫೋನ್ ಮಾಡಿ "ಸರ್, ನಿಮ್ಮೂರಿಗೆ ಗುಡಿಸಲು ಬರುತ್ತಿದೆ, ಇಂಥ ಮಕ್ಕಳಿದ್ದಾರೆ" ಅಂತ ಹೇಳುವ ಪದ್ಧತಿ ಮಾಡಿಕೊಂಡಿದ್ದೇವೆ. ನಮ್ಮ ಕ್ಲಸ್ಟರ್ ಒಳಗೆ ಇದು ನಡೆಯುತ್ತದೆ. ತಾಲೂಕು ದಾಟಿದರೆ ಕೊಂಡಿ ತಪ್ಪುತ್ತದೆ.

ಒಂದು ವಿಷಯ ಗಮನಿಸಿದ್ದೇನೆ. ಊರ ಟೀಚರ್ ಜೊತೆ ಮಗು ಫೋನಿನಲ್ಲಿ ಮಾತಾಡಿದ ದಿನ ನಮ್ಮ ಕ್ಲಾಸಿನಲ್ಲೂ ಅದು ಮುಂದೆ ಬಂದು ಕೂರುತ್ತದೆ. ಅದಕ್ಕೇ ನಾನು ಮೊದಲು ಕೇಳುವುದು "ನಿಮ್ಮ ಮಿಸ್ ನಂಬರ್ ಇದೆಯಾ?" ಅಂತ. ಇದ್ದರೆ ನನ್ನ ಫೋನಿನಿಂದಲೇ ಮಾಡಿಕೊಡುತ್ತೇನೆ. ಅಪ್ಪನ ರೀಚಾರ್ಜ್ ಕಾಯುವುದು ತಪ್ಪುತ್ತದೆ.

ಕೋಟೆಯ ನಲಿ-ಕಲಿ ಟೀಚರ್

ಎಚ್.ಡಿ. ಕೋಟೆಯಿಂದ. ನಮ್ಮ ಹಾಡಿ (ಬುಡಕಟ್ಟು ಜನರ ಊರು) ಮಕ್ಕಳು ಕಾಫಿ ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ಕೊಡಗಿನ ಎಸ್ಟೇಟುಗಳಿಗೆ ಹೋಗುತ್ತಾರೆ, ಲೈನ್ ಮನೆಗಳಲ್ಲಿ ಇರುತ್ತಾರೆ. ನಿಮ್ಮೆಲ್ಲರ ಮಾತು ಓದುವಾಗ ಒಂದು ವಿಷಯ ಹೇಳಬೇಕು ಅನ್ನಿಸಿತು.

ಚಿಕ್ಕ ತರಗತಿಗಳಿಗೆ ಕಾರ್ಡು, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದದ್ದು ನಮ್ಮ ತಾಲೂಕಿನಲ್ಲೇ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಮೇಲೆ ಇಲ್ಲಿಯ ಶಿಕ್ಷಕರೇ ಕೂತು ಕಾರ್ಡು ಮಾಡಿದರು. ಅದರಲ್ಲಿ "ಇವತ್ತು ಇಡೀ ಕ್ಲಾಸಿಗೆ ಮೂರನೇ ಪಾಠ" ಅನ್ನುವುದು ಇಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನು ಇರುವ ಮೆಟ್ಟಿಲು ನೋಡಿ, ಅದರ ಚಿತ್ರ ಇರುವ ಕಾರ್ಡ್ ತೆಗೆದುಕೊಂಡು, ಆ ತಟ್ಟೆಗೆ, ಅಂದರೆ ಆ ಗುಂಪಿಗೆ, ಹೋಗಿ ಕೂರುತ್ತದೆ. ಕೆಲವು ತಟ್ಟೆಯಲ್ಲಿ ಟೀಚರ್ ಸಹಾಯ, ಕೆಲವು ಕಡೆ ಗೆಳೆಯರ ಸಹಾಯ, ಕೊನೆಯದರಲ್ಲಿ ತಾನೇ ಕಲಿಯುವುದು. ತಿಂಗಳು ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಶುರು. ಯಾರ ಹಿಂದೆಯೂ ಓಡಬೇಕಿಲ್ಲ.

ಹೋಗಿ ಬರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ನಾನು ಕಂಡಿಲ್ಲ. ಹೊಸದೇನೂ ಹುಡುಕಬೇಕಿಲ್ಲ, ಇದು ನಮ್ಮ ಕೈಯಲ್ಲೇ ಇದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದೇ ತರಹದ ಏಣಿ ಇರುವುದರಿಂದ "ಈ ಮಗು ಕನ್ನಡದಲ್ಲಿ ಇಂಥ ಮೆಟ್ಟಿಲು, ಗಣಿತದಲ್ಲಿ ಇಂಥ ಮೆಟ್ಟಿಲು" ಅಂತ ಬರೆದರೆ ಬೆಂಗಳೂರಿನ ನಲಿ-ಕಲಿ ಟೀಚರಿಗೂ ಅರ್ಥವಾಗುತ್ತದೆ. ಸ್ವಕಲಿಕೆಯ ಕಾರ್ಡುಗಳನ್ನು ಜೆರಾಕ್ಸ್ ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟು ಕಳಿಸಿ. ಟೀಚರ್ ಸಹಾಯ ಬೇಕಿರುವ ಕಾರ್ಡ್ ಬಂದಾಗ ಆ ಸಂಜೆ ಫೋನ್. ಅಷ್ಟಕ್ಕೆ ಮಾತ್ರ ಫೋನ್ ಬೇಕು.

ಕಷ್ಟ ಇರುವುದು ನಾಲ್ಕು, ಐದನೇ ತರಗತಿಗೆ. ಅಲ್ಲಿ ನಲಿ-ಕಲಿ ಇಲ್ಲ, ಪುಸ್ತಕ ಶುರುವಾಗುತ್ತದೆ. ದೇವದುರ್ಗದ ಮೇಡಂ ಮಾಡುತ್ತಿರುವ ಹಾಳೆಗಳಿಗೆ ಒಂದು ಏಣಿ ಜೋಡಿಸಿದರೆ ಆ ಕೊರತೆ ತುಂಬಬಹುದು.

ವಾಸ್ಕೋದಿಂದ ಕನ್ನಡಿಗ

ಗೋವಾದಲ್ಲೂ ಇದೇ ಕಥೆ. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಬಂದ ಕೂಲಿ ಕುಟುಂಬ ಇಲ್ಲಿ ಬೇಕಾದಷ್ಟಿವೆ. ಕನ್ನಡ ಶಾಲೆ ಕೆಲವೇ ಕಡೆ ಇವೆ. ದೂರ ಇದ್ದರೆ ಮಗು ಮರಾಠಿ ಶಾಲೆಗೆ ಹೋಗಬೇಕು, ಇಲ್ಲ ಮನೆಯಲ್ಲೇ ಇರಬೇಕು. ಇಂಥ ಮಕ್ಕಳಿಗೆ ಆಡಿಯೋ ಕಥೆ ಬಂದರೆ ಕನ್ನಡವಾದರೂ ಉಳಿಯುತ್ತದೆ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕದ ಪಿಡಿಎಫ್ ಇದೆ, ಬೇಕಾದ ಪಾಠವನ್ನಷ್ಟೇ ಪ್ರಿಂಟ್ ತೆಗೆದು ಕೊಡುತ್ತೇವೆ. ಇಲ್ಲಿಗೆ ಬರುವ ಮಕ್ಕಳಿದ್ದರೆ ತಿಳಿಸಿ. ನಮ್ಮ ಕನ್ನಡ ಸಂಘದವರು ಹೋಗಿ ನೋಡಿಕೊಂಡು ಬರುತ್ತಾರೆ.

ದೇವದುರ್ಗದ ಟೀಚರ್

ಇಷ್ಟು ಜನ ಮನಸ್ಸಿಟ್ಟು ಬರೆದಿದ್ದೀರಿ, ಎಲ್ಲರಿಗೂ ಕೈಮುಗಿಯುತ್ತೇನೆ. ದೀಪಾವಳಿಗೆ ಇನ್ನೂ ಸಮಯ ಇದೆ. ಈ ವರ್ಷ ಹೀಗೆ ಮಾಡುತ್ತೇನೆ.

ಮಕ್ಕಳು ಹೊರಡುವ ಮುಂಚೆ ತಂದೆ ತಾಯಿಗಳ ಸಭೆ ಕರೆದು ಎಲ್ಲಿಗೆ, ಯಾವ ಮೇಸ್ತ್ರಿ ಜೊತೆ ಅಂತ ಬರೆದಿಡುತ್ತೇನೆ. ನಾಲ್ಕು, ಐದನೇ ತರಗತಿಯ ಕನ್ನಡ, ಗಣಿತಕ್ಕೆ ಏಣಿ ಬರೆಯುತ್ತೇನೆ. ಅದರಲ್ಲಿ ತಾಂಡಾದ ತಮ್ಮ ಹೇಳಿದ ಹಾಗೆ ಚಳಿಗಾಲದ ಪಾಠಗಳಿಗೇ ಜಾಸ್ತಿ ಹಾಳೆ. ಪ್ರತಿ ಮಗುವಿಗೆ ಸೀಲು ಹಾಕಿದ ಒಂದು ಪತ್ರ, ಸ್ಯಾಟ್ಸ್ ನಂಬರ್ ಸಮೇತ. ಆಡಿಯೋ ಮೆಮೊರಿ ಕಾರ್ಡಿಗೆ. ವಾರಕ್ಕೊಂದು ಕಾಲ್ ನಮ್ಮ ಶಾಲೆಯ ಎಲ್ಲ ಶಿಕ್ಷಕರೂ ಹಂಚಿಕೊಳ್ಳುತ್ತೇವೆ, ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ಅದರ ಖರ್ಚನ್ನು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಿಂದ ಕೇಳುತ್ತೇನೆ. ಟೀಚರ್ ಜೇಬಿನಿಂದ ನಡೆಯುವ ಕೆಲಸ ಟೀಚರ್ ವರ್ಗವಾದ ದಿನ ನಿಂತುಹೋಗುತ್ತದೆ.

@ಸಿಆರ್‌ಪಿ ಸರ್, ಅತಿಥಿ ಹಾಜರಿ ವಿಷಯವನ್ನು ನಿಮ್ಮ ಕಡೆಯಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಯುತ್ತೀರಾ? ನಮ್ಮ ತಾಲೂಕಿನಿಂದ ನಾವೂ ಬರೆಯುತ್ತೇವೆ. ಎರಡು ಕಡೆಯಿಂದ ಹೋದರೆ ಮಾತು ಮೇಲೆ ತಲುಪಬಹುದು.

ಸಿಆರ್‌ಪಿ, ಯಾದಗಿರಿ ಕಡೆಯವರು

ಬರೆಯುತ್ತೇನೆ ಮೇಡಂ. ಮನವಿಯಲ್ಲಿ 5 ಮತ್ತು 9ನೇ ಸೆಕ್ಷನ್ ಹೆಸರಿಸಿ. ಹೋದ ವರ್ಷ ಎಷ್ಟು ಮಕ್ಕಳು ಯಾವ ತಿಂಗಳು ಹೋದರು, ಯಾವಾಗ ಬಂದರು ಅನ್ನುವ ಪಟ್ಟಿ ಜೊತೆಗಿಡಿ. ಪಟ್ಟಿ ಇಲ್ಲದ ಮನವಿ ಕಡತದಲ್ಲೇ ಉಳಿಯುತ್ತದೆ.

ಮಂಡ್ಯದ ಮೇಷ್ಟ್ರು

ಮೇಡಂ, ಆ ಪತ್ರದ ನಮೂನೆ ತಯಾರಾದರೆ ಇಲ್ಲೇ ಹಾಕಿ. ಇಲ್ಲಿ ಕಟಾವು ಶುರುವಾಗುವ ಮುಂಚೆ ಸಿಕ್ಕರೆ ನಮ್ಮ ಕ್ಲಸ್ಟರ್ ಶಾಲೆಗಳಿಗೆಲ್ಲ ಹಂಚುತ್ತೇನೆ. ಒಂದು ಸಲಹೆ: ಹಿಂಬದಿಯಲ್ಲಿ ಹತ್ತು ಖಾಲಿ ಸಾಲು ಬಿಡಿ. ಮಗು ಹೋದ ಪ್ರತಿ ಶಾಲೆಯವರು ತಾರೀಕು ಹಾಕಿ, ಏನು ಕಲಿಸಿದೆವು ಅಂತ ಒಂದು ಸಾಲು ಬರೆಯಲಿ.

ಶೆಡ್ ಪಾಠ, ಬೆಂಗಳೂರು

ಆ ಪತ್ರಕ್ಕೆ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಮೇಲೆ ಬರೆಯಲು ಆಗುವುದಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಕವರ್ ಸಾಕು, ಆಧಾರ್ ಜೊತೆ ಅಮ್ಮನ ಟ್ರಂಕಿನಲ್ಲಿ ಇಡಲು ಹೇಳಿ. ಕಾಡುಗೋಡಿ, ವರ್ತೂರು, ಗುಂಜೂರು ಕಡೆ ಬರುವ ಮಕ್ಕಳ ಹೆಸರನ್ನು ಮೊದಲೇ ಕಳಿಸಿದರೆ ಬಂದ ವಾರದಲ್ಲೇ ಹುಡುಕಿ ಹೋಗುತ್ತೇವೆ.